ಹುಳಿಗಿಂತ ಹರಿತವಾದದ್ದು

ಕಾಯಿಸಿ ಆರಿಸಿದ ಹಾಲನ್ನು ಎರಡು ಬಟ್ಟಲಿಗೆ ಬಗ್ಗಿಸಿ. ಒಂದಕ್ಕೆ ಚಮಚ ಹೆಪ್ಪು ಹಾಕಿ, ಇನ್ನೊಂದನ್ನು ಹಾಗೆಯೇ ಬಿಡಿ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಒಂದು ರಾತ್ರಿ, ಒಂದು ಹಗಲು ಕಳೆಯಲಿ. ಹೆಪ್ಪು ಹಾಕಿದ ಹಾಲು ಮೊಸರಾಗಿರುತ್ತದೆ. ತುಸು ಹುಳಿ ಹೆಚ್ಚಾದರೂ ಮಾರನೆಯ ದಿನದ ಮಜ್ಜಿಗೆಗೆ ಒದಗುತ್ತದೆ. ಹೆಪ್ಪಿಲ್ಲದ ಹಾಲು ಒಡೆದು, ಕಹಿಯಾಗಿ, ಚೆಲ್ಲುವುದಕ್ಕಷ್ಟೇ ಬರುತ್ತದೆ. ಎರಡು ಬಟ್ಟಲಲ್ಲೂ ನಡೆದದ್ದು ಬ್ಯಾಕ್ಟೀರಿಯಗಳ ಊಟವೇ. ಆದರೂ ಒಂದನ್ನು ಕೆಟ್ಟಿತು ಎನ್ನುತ್ತೇವೆ, ಇನ್ನೊಂದನ್ನು ಹೆಪ್ಪಾಯಿತು ಎನ್ನುತ್ತೇವೆ.

ಬುತ್ತಿ ಕಟ್ಟುವವರಿಗೆ ಈ ವಿಷಯ ಚೆನ್ನಾಗಿ ಗೊತ್ತು. ದೂರದ ಪ್ರಯಾಣಕ್ಕೆ ಅನ್ನವನ್ನು ಹಾಲಿನಲ್ಲಿ ಕಲಸಿ, ಅದಕ್ಕೊಂದು ಚಮಚ ಮೊಸರು ಬೆರೆಸುತ್ತಾರೆ. ದಾರಿಯುದ್ದಕ್ಕೂ ಹಾಲು ನಿಧಾನವಾಗಿ ಮೊಸರಾಗುತ್ತಾ ಹೋಗುತ್ತದೆ, ಊಟದ ಹೊತ್ತಿಗೆ ಹದವಾದ ಮೊಸರನ್ನ. ಅನ್ನ ಬೇಯುವ ಬಿಸಿಗೂ ಸಾಯದ ಬ್ಯಾಕ್ಟೀರಿಯ ಬೀಜಕಗಳು ಅಕ್ಕಿಯಲ್ಲಿ ಇದ್ದೇ ಇರುತ್ತವೆ. ಬರಿಯ ಅನ್ನವನ್ನು ಸೆಕೆಯಲ್ಲಿಟ್ಟರೆ ಅವು ಮೊಳೆತು ಅನ್ನವನ್ನು ಹಳಸುತ್ತವೆ. ಮೊಸರು ಬೆರೆತಾಗ ಅವು ತಲೆಯೆತ್ತುವುದು ಕಷ್ಟ.

ಒಂದು ಚಮಚ ಹೆಪ್ಪು ಇಷ್ಟೆಲ್ಲ ಹೇಗೆ ಮಾಡುತ್ತದೆ? ಹುಳಿಯಿಂದ ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿದೆ, ಅದು ಸರಿಯಾದ ಉತ್ತರವೂ ಹೌದು. ಹೆಪ್ಪಿನ ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕುತ್ತವೆ. ಆ ಹುಳಿಯನ್ನು ತಾಳಿಕೊಳ್ಳಲು ಹಾಲು ಕೆಡಿಸುವ ಬಹುಪಾಲು ಬ್ಯಾಕ್ಟೀರಿಯಗಳಿಗೆ ಆಗುವುದಿಲ್ಲ. ಮೊಸರು ಉಳಿಯುವುದಕ್ಕೆ ಇದೇ ಮುಖ್ಯ ಕಾರಣ. ಆದರೆ ಪ್ರಯೋಗಶಾಲೆಯಲ್ಲಿ ಒಂದು ಸರಳ ಪರೀಕ್ಷೆ ಮಾಡಿದರೆ ಈ ಉತ್ತರ ಸಾಲದು ಎಂದು ತಿಳಿಯುತ್ತದೆ. ಹಾಲಿನ ಬ್ಯಾಕ್ಟೀರಿಯ ಬೆಳೆದ ದ್ರವವನ್ನು ಸೋಸಿ ಬ್ಯಾಕ್ಟೀರಿಯವನ್ನೆಲ್ಲ ತೆಗೆಯಬೇಕು. ಕ್ಷಾರ ಬೆರೆಸಿ ಹುಳಿಯನ್ನೂ ಇಲ್ಲವಾಗಿಸಬೇಕು. ಈಗ ಆ ದ್ರವದಲ್ಲಿ ಹೆಪ್ಪೂ ಇಲ್ಲ, ಹುಳಿಯೂ ಇಲ್ಲ. ಆದರೂ ಕೆಲವು ತಳಿಗಳ ದ್ರವದ ಒಂದೇ ಹನಿ ಸಾಕು, ಬೇರೆ ಬ್ಯಾಕ್ಟೀರಿಯಗಳು ಸಾಯುತ್ತವೆ. ಅದೇ ದ್ರವಕ್ಕೆ ಪ್ರೋಟೀನನ್ನು ಜೀರ್ಣಿಸುವ ಕಿಣ್ವ ಹಾಕಿದರೆ ಅದರ ಶಕ್ತಿ ಅಳಿಯುತ್ತದೆ.

ಅಂದರೆ ಹುಳಿಯ ಜೊತೆಗೆ ಆ ದ್ರವದಲ್ಲಿ ಪುಟ್ಟದೊಂದು ಪ್ರೋಟೀನೂ ಇತ್ತು. ಒಂದು ಬ್ಯಾಕ್ಟೀರಿಯ ತನ್ನ ನೆರೆಯ ಬ್ಯಾಕ್ಟೀರಿಯಗಳನ್ನು ಕೊಲ್ಲಲು ಹೊರಹಾಕುವ ಇಂಥ ಪ್ರೋಟೀನುಗಳಿಗೆ ವಿಜ್ಞಾನಿಗಳು ಬ್ಯಾಕ್ಟೀರಿಯೊಸಿನ್ ಎನ್ನುತ್ತಾರೆ. ಈ ಅಧ್ಯಾಯದಲ್ಲಿ ಅದನ್ನು ನೆರೆಗೊಲ್ಲಿ ಎಂದೇ ಕರೆಯೋಣ. ಹಾಲಿನಿಂದ ಬಂದ ನೆರೆಗೊಲ್ಲಿಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ನೈಸಿನ್. ಅದು ಕೊಲ್ಲುವ ಬಗೆಯನ್ನು ಸರಿಯಾಗಿ ಅರ್ಥಮಾಡಿಕೊಂಡರೆ, ಅದು ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಯಾರೂ ಹೇಳಿಕೊಡದೆಯೇ ಊಹಿಸಬಹುದು.

ಹುಳಿಯಾಗದ ತೊಟ್ಟಿಗಳು

ನೈಸಿನ್ ಮನುಷ್ಯರ ಕಣ್ಣಿಗೆ ಮೊದಲು ಬಿದ್ದದ್ದು ಉಪಕಾರಿಯಾಗಿ ಅಲ್ಲ, ಉಪದ್ರವವಾಗಿ.

1928ರಲ್ಲಿ ಅಮೆರಿಕದ ಎಲ್.ಎ. ರೋಜರ್ಸ್ ಒಂದು ವಿಚಿತ್ರವನ್ನು ದಾಖಲಿಸಿದರು. ಹಾಲಿನಲ್ಲಿ ಬೆಳೆಯುವ ದುಂಡನೆಯ ಬ್ಯಾಕ್ಟೀರಿಯವೊಂದು, ಮೊಸರಿಗೆ ಬೇಕಾದ ಉದ್ದನೆಯ ಬ್ಯಾಕ್ಟೀರಿಯವನ್ನು ಬೆಳೆಯಲು ಬಿಡುತ್ತಿರಲಿಲ್ಲ. ಆ ದುಂಡನೆಯದಕ್ಕೆ ಇಂದಿನ ಹೆಸರು ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್. ಹಾಲು ಹುಳಿಯಾಗುವುದಕ್ಕೆ ಕಾರಣವಾದ ಜೀವಿಯನ್ನು ಹುಡುಕುತ್ತಾ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ 1870ರ ದಶಕದಲ್ಲೇ ಇದನ್ನು ಉಳಿದೆಲ್ಲದರಿಂದ ಬೇರ್ಪಡಿಸಿ ಬೆಳೆಸಿದ್ದರು. ಯಾವುದೇ ಬ್ಯಾಕ್ಟೀರಿಯವನ್ನು ಹಾಗೆ ಒಂಟಿಯಾಗಿ ಬೆಳೆಸಿದ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ರೋಗಾಣುಗಳನ್ನು ಕೊಲ್ಲುವ ದಾರಿಗಾಗಿ ಬದುಕನ್ನೇ ಮುಡಿಪಿಟ್ಟ ಲಿಸ್ಟರ್‌ಗೆ, ತನ್ನ ಗಾಜಿನ ಲೋಟದಲ್ಲಿರುವ ಜೀವಿಯೇ ಅಂಥದೊಂದು ಆಯುಧ ತಯಾರಿಸಬಲ್ಲ ಕುಲಕ್ಕೆ ಸೇರಿದ್ದು ಎಂದು ತಿಳಿಯುವ ದಾರಿ ಆಗ ಇರಲಿಲ್ಲ.

ನ್ಯೂಜಿಲೆಂಡಿನ ಚೀಸ್ ತಯಾರಕರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯಾಯಿತು. ಚೀಸಿಗೂ ಮೊದಲು ಹಾಲಿಗೆ ಹೆಪ್ಪು ಹಾಕಬೇಕು, ಹಾಲು ಹುಳಿಯೇರಬೇಕು. ಕೆಲವು ದಿನ ದೊಡ್ಡ ತೊಟ್ಟಿಯ ಹಾಲು ಎಷ್ಟು ಹೊತ್ತಾದರೂ ಹುಳಿಯೇರದೆ ಕೂತುಬಿಡುತ್ತಿತ್ತು. ಹಾಲು ತಾಜಾ, ಹೆಪ್ಪೂ ತಾಜಾ, ತೊಟ್ಟಿಯೂ ಚೊಕ್ಕಟ. 1933ರಲ್ಲಿ ಎಚ್.ಆರ್. ವೈಟ್‌ಹೆಡ್ ಮತ್ತು ಡಬ್ಲ್ಯು. ರಿಡೆಟ್ ಇದಕ್ಕೆ ಒಂದು ಕಾರಣ ಹುಡುಕಿದರು. ಹಾಲಿನಲ್ಲಿ ಮೊದಲೇ ಬೆಳೆದಿದ್ದ ಒಂದು ಬ್ಯಾಕ್ಟೀರಿಯ ಯಾವುದೋ ವಸ್ತುವನ್ನು ಬಿಟ್ಟಿತ್ತು, ಆ ವಸ್ತು ಹೆಪ್ಪಿನ ಬ್ಯಾಕ್ಟೀರಿಯವನ್ನು ತಡೆಯುತ್ತಿತ್ತು. ವೈಟ್‌ಹೆಡ್ ಅದು ಪ್ರೋಟೀನಿನ ಜಾತಿಯದು ಎಂದೂ ತೋರಿಸಿದರು. ಎರಡು ವರ್ಷಗಳ ನಂತರ ವೈಟ್‌ಹೆಡ್ ಮತ್ತು ಜಿ.ಎ. ಕಾಕ್ಸ್, ಬ್ಯಾಕ್ಟೀರಿಯಗಳಿಗೇ ತಗಲುವ ವೈರಸ್ಸುಗಳೂ ಹೆಪ್ಪನ್ನು ಹಾಳುಮಾಡುತ್ತವೆ ಎಂದು ಕಂಡುಕೊಂಡರು. ಚೀಸ್ ಉದ್ಯಮದ ಗಮನವೆಲ್ಲ ಆ ವೈರಸ್ಸುಗಳ ಕಡೆ ಹರಿಯಿತು; ತಡೆಯುವ ಪ್ರೋಟೀನು ಮೂಲೆಗೆ ಸರಿಯಿತು.

ಈ ಘಟನೆಯಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಸತ್ತದ್ದು ಒಳ್ಳೆಯ ಬ್ಯಾಕ್ಟೀರಿಯ. ನೆರೆಗೊಲ್ಲಿಗೆ ಒಳ್ಳೆಯದು, ಕೆಟ್ಟದ್ದು ಎಂಬ ಭೇದವಿಲ್ಲ. ಅದು ಮೊದಲು ಕೊಲ್ಲುವುದು ತನ್ನ ಹತ್ತಿರದ ಸಂಬಂಧಿಗಳನ್ನೇ, ಯಾಕೆಂದರೆ ಅದೇ ಹಾಲಿಗೆ, ಅದೇ ಸಕ್ಕರೆಗೆ ಪೈಪೋಟಿ ಮಾಡುವವು ಅವೇ. ಆಹಾರ ಉಳಿಸುವುದು ನಾವು ಅದರಿಂದ ಮಾಡಿಸಿಕೊಂಡ ಕೆಲಸ.

ಔಷಧಿಯಾಗಲಾರದ ಮದ್ದು

ಎರಡನೇ ಮಹಾಯುದ್ಧದ ಕೊನೆಯ ವರ್ಷಗಳು. ಪೆನಿಸಿಲಿನ್ ಸೈನಿಕರನ್ನು ಸಾವಿನ ದವಡೆಯಿಂದ ಎಳೆದು ತರುತ್ತಿದ್ದ ಕಾಲ. ಶಿಲೀಂಧ್ರದಲ್ಲಿ, ಮಣ್ಣಿನಲ್ಲಿ, ಎಲ್ಲೆಂದರಲ್ಲಿ ಅಂಥದೇ ಇನ್ನೊಂದು ಮದ್ದಿಗಾಗಿ ಹುಡುಕಾಟ ನಡೆದಿತ್ತು. ಇಂಗ್ಲೆಂಡಿನ ರೆಡಿಂಗ್ ಬಳಿ ಶಿನ್‌ಫೀಲ್ಡ್‌ನಲ್ಲಿದ್ದ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ಎ.ಟಿ.ಆರ್. ಮ್ಯಾಟಿಕ್ ಮತ್ತು ಎ. ಹಿರ್ಷ್ ಹಾಲಿನ ಆ ಮರೆತುಹೋದ ಪ್ರೋಟೀನಿನ ಕಡೆಗೆ ತಿರುಗಿದರು. 1944ರಲ್ಲಿ ಅದರ ಶಕ್ತಿಯನ್ನು ವರದಿ ಮಾಡಿದರು, 1947ರ ಹೊತ್ತಿಗೆ ಅದಕ್ಕೆ ನೈಸಿನ್ ಎಂಬ ಹೆಸರು ಬಂದಿತ್ತು. ತಯಾರಿಸುವ ಬ್ಯಾಕ್ಟೀರಿಯವನ್ನು ಆಗ ‘ಎನ್’ ಗುಂಪಿಗೆ ಸೇರಿಸಿದ್ದರು, ಹೆಸರಿನ ಮೊದಲ ಅಕ್ಷರ ಅಲ್ಲಿಂದ ಬಂದದ್ದು.

ಅವರ ಆಸೆ ದೊಡ್ಡದಿತ್ತು. ಕ್ಷಯದ ಬ್ಯಾಕ್ಟೀರಿಯದ ಮೇಲೆ ಪ್ರಯೋಗಿಸಿ ನೋಡಿದರು. ಹಸುಗಳ ಕೆಚ್ಚಲುಬಾವಿಗೂ ಕೊಟ್ಟು ನೋಡಿದರು. ಔಷಧಿಯಾಗಿ ನೈಸಿನ್ ಗೆಲ್ಲಲಿಲ್ಲ. ಹುಳಿಯಾದ ದ್ರವದಲ್ಲಿ ಚೆನ್ನಾಗಿ ಕರಗುವ ಅದು, ಹುಳಿಯಿಲ್ಲದ ನಮ್ಮ ರಕ್ತದಂಥ ದ್ರವದಲ್ಲಿ ಸರಿಯಾಗಿ ಕರಗುವುದಿಲ್ಲ, ಬಹಳ ಹೊತ್ತು ಉಳಿಯುವುದೂ ಇಲ್ಲ. ಅದರ ಏಟು ಬೀಳುವುದು ಬ್ಯಾಕ್ಟೀರಿಯಗಳ ಒಂದು ಪಂಗಡದ ಮೇಲೆ ಮಾತ್ರ. ಬಾಯಿಂದ ಕೊಟ್ಟರೆ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ಕಿಣ್ವ ಅದನ್ನು ಕಾಳು, ಬೇಳೆಯ ಪ್ರೋಟೀನಿನ ಹಾಗೆಯೇ ಕತ್ತರಿಸಿ ಹಾಕುತ್ತದೆ.

ನೈಸಿನ್ ಕಥೆಯಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಈ ತಿರುವು. ಔಷಧಿಗೆ ದೋಷವಾದ ಇವೇ ಗುಣಗಳು ಆಹಾರಕ್ಕೆ ಬೇಕಾದ ಗುಣಗಳಾದವು. ಹುಳಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಸಾಕಷ್ಟು ಹುಳಿಯಿದ್ದರೆ ಕುದಿಯುವ ಬಿಸಿಯನ್ನೂ ತಾಳುತ್ತದೆ. ತಿಂದ ಮೇಲೆ ಜೀರ್ಣವಾಗಿ ಹೋಗುತ್ತದೆ. ರೋಗಿಗಳಿಗೆ ಕೊಡುವ ಮದ್ದಲ್ಲದ ಕಾರಣ, ಊಟದಲ್ಲಿ ಬಳಸಿದರೆ ಆಸ್ಪತ್ರೆಯ ಮದ್ದೊಂದು ಮೊಂಡಾಗುವ ಭಯವೂ ಕಡಿಮೆ.

ತಿಂಗಳುಗಳ ನಂತರ ಬಾತುಕೊಳ್ಳುವ ಚೀಸ್

ಆಹಾರದಲ್ಲಿ ನೈಸಿನ್‌ಗೆ ಮೊದಲ ಕೆಲಸ ಸಿಕ್ಕಿದ್ದು ಸ್ವಿಸ್ ಬಗೆಯ ಗಟ್ಟಿ ಚೀಸಿನಲ್ಲಿ. ತಿಂಗಳುಗಟ್ಟಲೆ ಹಣ್ಣಾಗಲು ಇಟ್ಟ ಚೀಸ್ ಚಕ್ರಗಳು ಕೆಲವೊಮ್ಮೆ ಒಳಗಿಂದ ಬಾತು, ಬಿರುಕುಬಿಟ್ಟು, ಕೊಳೆತ ಬೆಣ್ಣೆಯ ನಾತ ಹೊಡೆಯುತ್ತಿದ್ದವು. ಇದನ್ನು ಮಾಡುವುದು ಕ್ಲಾಸ್ಟ್ರಿಡಿಯಂ ಕುಲದ ಬ್ಯಾಕ್ಟೀರಿಯ. ದನಗಳಿಗೆ ಹಾಕುವ ರಸಮೇವಿನಿಂದ, ಅಂದರೆ ಗುಂಡಿಯಲ್ಲಿ ಹುದುಗಿಸಿಟ್ಟ ಹಸಿಮೇವಿನಿಂದ, ಅದರ ಬೀಜಕಗಳು ಸಗಣಿಗೆ, ಸಗಣಿಯಿಂದ ಕೆಚ್ಚಲಿಗೆ, ಅಲ್ಲಿಂದ ಹಾಲಿಗೆ ಬರುತ್ತವೆ. ಪಾಶ್ಚರೀಕರಣದ ಬಿಸಿಗೆ ಬೀಜಕಗಳು ಸಾಯುವುದಿಲ್ಲ. ಗಾಳಿಯಿಲ್ಲದ ಚೀಸಿನ ಒಡಲಲ್ಲಿ ಮಲಗಿದ್ದು, ಕಾಲ ಕೂಡಿಬಂದಾಗ ಮೊಳೆತು, ಲ್ಯಾಕ್ಟಿಕ್ ಆಮ್ಲದ ಲವಣವನ್ನೇ ತಿನ್ನುತ್ತವೆ. ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಬಿಡುತ್ತವೆ, ನಾರುವ ಬ್ಯುಟಿರಿಕ್ ಆಮ್ಲವನ್ನೂ ಬಿಡುತ್ತವೆ. ಹುಳಿಯನ್ನೇ ಉಣ್ಣುವ ಶತ್ರುವಿಗೆ ಹುಳಿಯಿಂದ ಎಷ್ಟು ಕಾವಲು ಸಿಕ್ಕೀತು?

1951ರಲ್ಲಿ ಹಿರ್ಷ್, ಮ್ಯಾಟಿಕ್ ಮತ್ತು ಸಂಗಡಿಗರು ನೈಸಿನ್ ತಯಾರಿಸುವ ಹೆಪ್ಪನ್ನೇ ಚೀಸಿಗೆ ಹಾಕಿ ಈ ಬಾವನ್ನು ತಡೆಯಬಹುದು ಎಂದು ತೋರಿಸಿದರು. ತತ್ವ ಗೆದ್ದಿತು, ವ್ಯವಹಾರದಲ್ಲಿ ತೊಡಕಾಯಿತು. ನೈಸಿನ್ ತಯಾರಿಸುವ ಆ ತಳಿಗಳು ಹುಳಿ ಮಾಡುವುದರಲ್ಲಿ ನಿಧಾನ, ವೈರಸ್ಸಿಗೆ ಬೇಗ ಬಲಿ. ಮೇಲಾಗಿ ಚೀಸನ್ನು ಹಣ್ಣು ಮಾಡಬೇಕಾದ ಇತರ ಬ್ಯಾಕ್ಟೀರಿಯಗಳನ್ನೂ ನೈಸಿನ್ ಕೊಂದುಬಿಡುತ್ತಿತ್ತು. ಹಾಗಾಗಿ ಕೆಲಸ ಗಟ್ಟಿ ಚೀಸಿನಿಂದ ಕರಗಿಸಿದ ಚೀಸಿನ ಕಡೆಗೆ ಸರಿಯಿತು. ಅಂಗಡಿಯಲ್ಲಿ ಡಬ್ಬಿಗಳಲ್ಲಿ, ತೆಳು ಹಾಳೆಗಳಲ್ಲಿ ಸಿಗುವ ಪ್ರೊಸೆಸ್ಡ್ ಚೀಸ್ ಅದು. ಹಣ್ಣಾದ ಚೀಸನ್ನು ಬಿಸಿಯಲ್ಲಿ ಕರಗಿಸಿ ಅಚ್ಚು ಹಾಕಿದ ಮೇಲೆ ಅಲ್ಲಿ ಇನ್ನು ಯಾವ ಬ್ಯಾಕ್ಟೀರಿಯವೂ ಕೆಲಸ ಮಾಡಬೇಕಿಲ್ಲ. ಬಿಸಿಗೆ ಉಳಿದ ಬೀಜಕಗಳು ಮಾತ್ರ ಕಾದಿರುತ್ತವೆ. ನೈಸಿನ್‌ಗೆ ಇದಕ್ಕಿಂತ ಹೊಂದುವ ಜಾಗ ಇನ್ನೊಂದಿಲ್ಲ. 1950ರ ದಶಕದಲ್ಲೇ ಇಂಗ್ಲೆಂಡಿನ ಆಪ್ಲಿನ್ ಅಂಡ್ ಬ್ಯಾರೆಟ್ ಕಂಪನಿ ನೈಸಿನ್ ಪುಡಿಯನ್ನು ಮಾರಾಟಕ್ಕೆ ತಂದಿತು. ಪುಡಿಯಲ್ಲಿ ನೈಸಿನ್ ಇರುವುದು ಶೇಕಡ 2.5ರಷ್ಟು, ಉಳಿದದ್ದು ಉಪ್ಪು ಮತ್ತು ಹಾಲಿನ ಘನಾಂಶ.

1969ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ ಇದನ್ನು ಒಪ್ಪಿತು. ಅಮೆರಿಕ 1988ರಲ್ಲಿ ಚೀಸ್ ಸ್ಪ್ರೆಡ್‌ಗಳಲ್ಲಿ ಬಳಸಲು ಬಿಟ್ಟಿತು. ಅಲ್ಲಿಯ ಮುಖ್ಯ ಚಿಂತೆ ಬಾತುಕೊಳ್ಳುವ ಚೀಸಿನದಲ್ಲ, ಅದೇ ಕ್ಲಾಸ್ಟ್ರಿಡಿಯಂ ಕುಲದ ಕ್ರೂರ ಸದಸ್ಯ ಬಾಟ್ಯುಲಿನಂ. ಅದರ ವಿಷ ನರಗಳನ್ನು ನಿಷ್ಕ್ರಿಯಗೊಳಿಸಿ ಉಸಿರಾಟವನ್ನೇ ನಿಲ್ಲಿಸಬಲ್ಲದು.

ಗೋಡೆಯೊಳಗಿನ ಬುಟ್ಟಿ

ಈಗ ಅಧ್ಯಾಯದ ತಿರುಳಿಗೆ ಬರೋಣ. ಒಂದು ಕಿಲೋ ಚೀಸಿನಲ್ಲಿ ಅನುಮತಿಸಿರುವ ನೈಸಿನ್ ಹೆಚ್ಚೆಂದರೆ 12.5 ಮಿಲಿಗ್ರಾಂ. ಇಷ್ಟು ಅಲ್ಪಪ್ರಮಾಣ ಬೀಜಕಗಳ ದಂಡನ್ನು ಹೇಗೆ ತಡೆಯುತ್ತದೆ?

ಬ್ಯಾಕ್ಟೀರಿಯದ ಸುತ್ತ ಕೊಬ್ಬಿನಂಶದ ತೆಳು ಪೊರೆಯಿದೆ. ಅದರ ಹೊರಗೆ ಗಟ್ಟಿ ಗೋಡೆಯಿದೆ. ಒಳಗಿನ ಒತ್ತಡ ಬಹಳ ಹೆಚ್ಚು, ಗೋಡೆಯಿಲ್ಲದಿದ್ದರೆ ಪೊರೆ ಒಡೆದು ಬ್ಯಾಕ್ಟೀರಿಯ ಸಿಡಿಯುತ್ತದೆ. ಬೆಳೆಯುವಾಗ, ಒಂದು ಎರಡಾಗುವಾಗ ಹೊಸ ಗೋಡೆ ಕಟ್ಟುತ್ತಲೇ ಇರಬೇಕು. ತೊಡಕೇನೆಂದರೆ ಗೋಡೆಯ ಇಟ್ಟಿಗೆ ತಯಾರಾಗುವುದು ಒಳಗೆ, ಗೋಡೆ ಏಳಬೇಕಾದದ್ದು ಹೊರಗೆ, ನಡುವೆ ಪೊರೆ.

ಗಾರೆ ಕೆಲಸ ನಡೆಯುವ ಮನೆಯನ್ನು ನೆನೆಸಿಕೊಳ್ಳಿ. ಕೆಳಗೆ ಇಟ್ಟಿಗೆ, ಮೇಲೆ ಮೇಸ್ತ್ರಿ. ನಡುವೆ ಕೆಲವೇ ಬುಟ್ಟಿಗಳು. ಬುಟ್ಟಿಯಲ್ಲಿ ಇಟ್ಟಿಗೆ ಮೇಲೆ ಹೋಗುತ್ತದೆ, ಮೇಸ್ತ್ರಿ ಅದನ್ನು ಗೋಡೆಗೆ ಇಡುತ್ತಾನೆ, ಬರಿ ಬುಟ್ಟಿ ಕೆಳಗೆ ಬಂದು ಮತ್ತೆ ತುಂಬಿಕೊಳ್ಳುತ್ತದೆ. ಬ್ಯಾಕ್ಟೀರಿಯದಲ್ಲೂ ಹಾಗೆಯೇ. ಪೊರೆಯಲ್ಲೇ ನೆಲೆಸಿರುವ ಕೊಬ್ಬಿನ ಅಣುವೊಂದು ಒಳಗಿನ ಇಟ್ಟಿಗೆಯನ್ನು ಹೊತ್ತು ಹೊರಮುಖಕ್ಕೆ ತಿರುಗುತ್ತದೆ, ಇಳಿಸಿ ಮರಳುತ್ತದೆ. ಇಟ್ಟಿಗೆ ಹೊತ್ತ ಈ ಅಣುವಿಗೆ ಲಿಪಿಡ್ 2 ಎಂದು ಹೆಸರು. ಇಂಥ ಬುಟ್ಟಿಗಳು ಲೆಕ್ಕವಿಲ್ಲದಷ್ಟು ಇರುವುದಿಲ್ಲ. ಇದ್ದ ಕೆಲವನ್ನೇ ಮತ್ತೆ ಮತ್ತೆ ಬಳಸಬೇಕು.

ನೈಸಿನ್ ಹಿಡಿಯುವುದು ಈ ಬುಟ್ಟಿಯನ್ನು. 34 ಅಮೈನೋ ಆಮ್ಲಗಳ ಚಿಕ್ಕ ಸರಪಳಿ ಅದು; ಗಂಧಕದ ಬೆಸುಗೆಯಿಂದ ಅದರಲ್ಲಿ ಐದು ಕುಣಿಕೆಗಳು ಬಿದ್ದಿವೆ. ಈ ರಚನೆಯನ್ನು 1971ರಲ್ಲಿ ಎರ್ಹಾರ್ಡ್ ಗ್ರೋಸ್ ಮತ್ತು ಜಾನ್ ಮೊರೆಲ್ ಬಿಡಿಸಿದರು. ಬಿಸಿಗೂ ಹುಳಿಗೂ ಅದು ಬಗ್ಗದಿರುವುದು ಈ ಕುಣಿಕೆಗಳ ಬಲದಿಂದ. ಸರಪಳಿಯ ಮುಂತುದಿಯ ಎರಡು ಕುಣಿಕೆಗಳು ಲಿಪಿಡ್ 2ರಲ್ಲಿ ಬುಟ್ಟಿಗೂ ಇಟ್ಟಿಗೆಗೂ ನಡುವಿನ ರಂಜಕದ ಕೊಂಡಿಯನ್ನು ಸುತ್ತುವರಿದು ಬಿಗಿಯುತ್ತವೆ. ಅಷ್ಟಾದರೆ ಇಟ್ಟಿಗೆ ಇಳಿಯುವುದಿಲ್ಲ, ಬುಟ್ಟಿ ಮರಳುವುದಿಲ್ಲ. ಗೋಡೆಯ ಕೆಲಸ ನಿಂತಿತು.

ಇದು ಮೊದಲ ಏಟು. ಎರಡನೆಯದು ಇನ್ನೂ ಮಾರಕ. ನೈಸಿನ್ನಿನ ನಡುವೆ ಸುಲಭವಾಗಿ ಬಾಗುವ ಜಾಗವೊಂದಿದೆ. ಮುಂತುದಿ ಬುಟ್ಟಿಯನ್ನು ಕಚ್ಚಿಕೊಂಡ ಮೇಲೆ ಹಿಂತುದಿ ಅಲ್ಲಿ ಮಡಚಿ ಪೊರೆಯೊಳಕ್ಕೆ ತೂರುತ್ತದೆ. ಅಂಥ ಹಲವು ನೈಸಿನ್‌ಗಳು, ಅವು ಹಿಡಿದ ಬುಟ್ಟಿಗಳ ಸಮೇತ, ಒಂದೆಡೆ ಸೇರಿ ಪೊರೆಯಲ್ಲಿ ತೂತು ಮಾಡುತ್ತವೆ. ಎಂಟು ನೈಸಿನ್, ನಾಲ್ಕು ಲಿಪಿಡ್ 2 ಸೇರಿದರೆ ಒಂದು ತೂತು. ಅದರ ಅಗಲ ಸುಮಾರು ಎರಡು ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಐದು ಲಕ್ಷದಲ್ಲೊಂದು ಪಾಲು. ಅಷ್ಟರಿಂದಲೇ ಪೊಟ್ಯಾಸಿಯಂ ಸೋರುತ್ತದೆ, ಅಮೈನೋ ಆಮ್ಲಗಳು ಸೋರುತ್ತವೆ, ಜೀವಕೋಶದ ಶಕ್ತಿಯ ಸಂಗ್ರಹ ಬರಿದಾಗುತ್ತದೆ. ನಿಮಿಷಗಳಲ್ಲಿ ಸಾವು.

ಪೊರೆಯಲ್ಲಿ ತೂತು ಕೊರೆಯುವ ಪುಟ್ಟ ಪ್ರೋಟೀನುಗಳು ಪ್ರಕೃತಿಯಲ್ಲಿ ಬೇಕಾದಷ್ಟಿವೆ, ಕಪ್ಪೆಯ ಚರ್ಮದಲ್ಲೂ ಇವೆ. ಆದರೆ ಅವು ಗುರಿಯಿಲ್ಲದೆ ಪೊರೆಯ ಮೇಲೆ ಎಲ್ಲೆಂದರಲ್ಲಿ ಬೀಳುತ್ತವೆ. ಅದೇ ಕೆಲಸಕ್ಕೆ ಅವು ನೈಸಿನ್‌ಗಿಂತ ಸಾವಿರ ಪಟ್ಟು ಹೆಚ್ಚು ಬೇಕಾಗುತ್ತವೆ. ಲಿಪಿಡ್ 2 ನೈಸಿನ್ನಿನ ಗುರಿ ಎಂಬುದನ್ನೂ, ಈ ವ್ಯತ್ಯಾಸಕ್ಕೆ ಅದೇ ಕಾರಣ ಎಂಬುದನ್ನೂ 1999ರಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್‌ನ ಎಫ್ಯಾನ್ ಬ್ರೂಕಿಂಕ್ ಮತ್ತು ಸಂಗಡಿಗರು ಸ್ಪಷ್ಟಪಡಿಸಿದರು. ನೈಸಿನ್‌ಗೆ ಹೆಸರು ಬಂದು ಆಗಲೇ ಐವತ್ತು ವರ್ಷ ದಾಟಿತ್ತು. ಜಗತ್ತು ಅರ್ಧ ಶತಮಾನ ಚೀಸಿನಲ್ಲಿ ತಿಂದ ವಸ್ತುವಿನ ಕೆಲಸ ಅಲ್ಲಿಯವರೆಗೂ ಸರಿಯಾಗಿ ತಿಳಿದಿರಲಿಲ್ಲ.

ಬೀಜಕಗಳಿಗೆ ಏನಾಗುತ್ತದೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ಮಲಗಿರುವ ಬೀಜಕದ ಕವಚವನ್ನು ನೈಸಿನ್ ಭೇದಿಸಲಾರದು. ಬೀಜಕ ಎಚ್ಚೆತ್ತು, ಕವಚ ಬಿಚ್ಚಿ, ಗೋಡೆ ಕಟ್ಟಲು ಹೊರಟ ಕ್ಷಣದಲ್ಲಿ ಬುಟ್ಟಿಗಳು ಹೊರಮುಖಕ್ಕೆ ಬರುತ್ತವೆ. ಅಲ್ಲಿ ನೈಸಿನ್ ಕಾದಿರುತ್ತದೆ.

ತಯಾರಿಸುವವನಿಗೆ ಅಪಾಯವಿಲ್ಲವೇ?

ಲ್ಯಾಕ್ಟೊಕಾಕಸ್ಸಿಗೂ ಗೋಡೆಯಿದೆ, ಲಿಪಿಡ್ 2 ಇದೆ. ತಾನೇ ತಯಾರಿಸಿದ ನೈಸಿನ್‌ನಿಂದ ತಾನು ಸಾಯದಿರುವುದು ಹೇಗೆ?

ಮೊದಲನೆಯ ಎಚ್ಚರಿಕೆ ತಯಾರಿಕೆಯಲ್ಲೇ ಇದೆ. ಕೋಶದೊಳಗೆ ನೈಸಿನ್ ಹುಟ್ಟುವಾಗ ಅದರ ತಲೆಗೆ 23 ಅಮೈನೋ ಆಮ್ಲಗಳ ಇನ್ನೊಂದು ತುಂಡು ಅಂಟಿಕೊಂಡಿರುತ್ತದೆ. ಅದು ಇರುವವರೆಗೂ ನೈಸಿನ್ ನಿರುಪದ್ರವಿ. ಪೊರೆ ದಾಟಿ ಹೊರಗೆ ಬಂದ ಮೇಲೆ, ಹೊರಗೇ ಕಾದಿರುವ ಕಿಣ್ವವೊಂದು ಆ ತುಂಡನ್ನು ಕತ್ತರಿಸುತ್ತದೆ. ನೈಸಿನ್ ಮಾರಕವಾಗುವುದು ಆಗಲೇ. ಹೊರಗಿನಿಂದ ಮರಳಿ ಬರುವ ನೈಸಿನ್ನನ್ನು ಎದುರಿಸಲು ಬೇರೆ ಕಾವಲಿದೆ. ಪೊರೆಯ ಮೇಲೆ ನಿಂತ ಒಂದು ಪ್ರೋಟೀನು ಅದನ್ನು ಹಿಡಿದು ನಿಲ್ಲಿಸುತ್ತದೆ, ಇನ್ನೊಂದು ಪೊರೆಯೊಳಗೆ ನುಸುಳಿದ್ದನ್ನು ಹೊರದಬ್ಬುತ್ತದೆ. ಈ ಕಾವಲಿಲ್ಲದ ಅಣ್ಣತಮ್ಮಂದಿರು ಸಾಯುತ್ತಾರೆ. ನ್ಯೂಜಿಲೆಂಡಿನ ತೊಟ್ಟಿಯಲ್ಲಿ ನಡೆದದ್ದು ಅದೇ.

ಇನ್ನೂ ಒಂದು ಚಂದದ ಏರ್ಪಾಡಿದೆ. ಹೊರಗಿರುವ ನೈಸಿನ್ನನ್ನು ಗುರುತಿಸುವ ಪ್ರೋಟೀನು ಇದೇ ಬ್ಯಾಕ್ಟೀರಿಯದ ಪೊರೆಯಲ್ಲಿ ಕೂತಿರುತ್ತದೆ. ಅದು ಸುದ್ದಿ ಮುಟ್ಟಿಸಿದೊಡನೆ ಒಳಗೆ ತಯಾರಿಕೆ ಇನ್ನಷ್ಟು ಚುರುಕಾಗುತ್ತದೆ. ಸುತ್ತಲೂ ತನ್ನವರ ಸಂಖ್ಯೆ ಹೆಚ್ಚಾದಂತೆ ನೈಸಿನ್ ಹೆಚ್ಚುತ್ತದೆ, ನೈಸಿನ್ ಹೆಚ್ಚಿದಂತೆ ಪ್ರತಿಯೊಂದೂ ಮತ್ತಷ್ಟು ತಯಾರಿಸುತ್ತದೆ. ಒಂಟಿಯಾಗಿದ್ದಾಗ ಪೋಲು ಮಾಡದೆ, ಗುಂಪು ಕೂಡಿದಾಗ ಒಟ್ಟಿಗೆ ಹೊಡೆಯುವ ಈ ಲೆಕ್ಕಾಚಾರಕ್ಕೆ ಮಿದುಳು ಬೇಕಾಗಿಲ್ಲ, ಎರಡು ಪ್ರೋಟೀನು ಸಾಕು.

ಎಲ್ಲಿ ಕೈಲಾಗದು

ಗುರಿ ಗೊತ್ತಾಯಿತು. ಈಗ ಮಿತಿಯನ್ನು ನಾವೇ ಊಹಿಸೋಣ.

ಬೂಷ್ಟು ಮತ್ತು ಯೀಸ್ಟುಗಳಿಗೆ ಬ್ಯಾಕ್ಟೀರಿಯದ ಬಗೆಯ ಗೋಡೆಯಿಲ್ಲ, ಲಿಪಿಡ್ 2 ಇಲ್ಲ. ಅವಕ್ಕೆ ನೈಸಿನ್‌ನಿಂದ ಏನೂ ಆಗದು. ನೈಸಿನ್ ಹಾಕಿದ ಚೀಸಿನ ಮೇಲೂ ಬೂಷ್ಟು ಬರುತ್ತದೆ. ಬಿಯರ್ ತಯಾರಕರು ಇದರ ಲಾಭ ಪಡೆದಿದ್ದಾರೆ: ಬಿಯರನ್ನು ಹುಳಿಯಾಗಿಸಿ ಕೆಡಿಸುವ ಬ್ಯಾಕ್ಟೀರಿಯ ಸಾಯುತ್ತದೆ, ಕೆಲಸ ಮಾಡಬೇಕಾದ ಯೀಸ್ಟು ಉಳಿಯುತ್ತದೆ. ನಮ್ಮ ಜೀವಕೋಶಗಳಲ್ಲೂ ಅಂಥ ಗೋಡೆಯಿಲ್ಲ. ಚೀಸಿನಲ್ಲಿ ಬಳಸುವ ಪ್ರಮಾಣದಲ್ಲಿ ನೈಸಿನ್ ನಮಗೆ ನಿರಪಾಯಕರವಾಗಿರುವುದಕ್ಕೆ ಜೀರ್ಣಕ್ರಿಯೆಯ ಜೊತೆಗೆ ಇದೂ ಒಂದು ಕಾರಣ. 2017ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂವರೆಗೆ ಸುರಕ್ಷಿತ ಎಂದು ನಿಗದಿಪಡಿಸಿತು. ಐವತ್ತು ಕಿಲೋ ತೂಕದವರಿಗೆ ಅದು ದಿನಕ್ಕೆ 50 ಮಿಲಿಗ್ರಾಂ, ಅಂದರೆ ಮಿತಿಯಷ್ಟೂ ನೈಸಿನ್ ಹಾಕಿದ ನಾಲ್ಕು ಕಿಲೋ ಚೀಸ್.

ಇ. ಕೊಲೈ, ಸಾಲ್ಮೊನೆಲ್ಲ, ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಗಳ ಮಾತು ಬೇರೆ. ಅವುಗಳಲ್ಲಿ ಲಿಪಿಡ್ 2 ಇದೆ, ಆದರೆ ಗೋಡೆಯ ಹೊರಗೆ ಇನ್ನೊಂದು ಪೊರೆಯಿದೆ. ನೈಸಿನ್ ಆ ಹೊರಪೊರೆಯನ್ನು ದಾಟಲಾರದು. ಪ್ರಯೋಗಶಾಲೆಯಲ್ಲಿ ಇಡಿಟಿಎ ಎಂಬ ರಾಸಾಯನಿಕದಿಂದ ಹೊರಪೊರೆಯನ್ನು ಸಡಿಲಿಸಿದರೆ ಇವೂ ನೈಸಿನ್‌ಗೆ ಸಿಗುತ್ತವೆ. ಊಟದ ಪದಾರ್ಥದಲ್ಲಿ ಅದು ಅಷ್ಟು ಸುಲಭವಲ್ಲ. ಫ್ರಿಜ್ಜಿನಲ್ಲಿಟ್ಟ ಹಾಲನ್ನು ಕೆಡಿಸುವ ಮುಖ್ಯ ಆಸಾಮಿಯೇ ಸ್ಯೂಡೊಮೊನಾಸ್. ಅದರ ಮುಂದೆ ನೈಸಿನ್ ನಿರುಪಾಯ. ಕೊಳಕು ಕೈಯಿಂದ, ಕೊಳಕು ನೀರಿನಿಂದ ಬರುವ ರೋಗಾಣುಗಳಲ್ಲಿ ಹಲವು ಇದೇ ಪಂಗಡದವು. ‘ನೈಸರ್ಗಿಕ ಸಂರಕ್ಷಕ’ ಎಂಬ ಮಾತು ಕೇಳಿದೊಡನೆ ಚೊಕ್ಕಟತನವನ್ನು ಸಡಿಲಿಸಬಹುದು ಎಂದುಕೊಂಡವರು ಈ ಒಂದು ಸಂಗತಿಯನ್ನು ಮರೆಯಬಾರದು. ಕೊಳಕು ಹಾಲನ್ನು ಒಳ್ಳೆಯದು ಮಾಡುವ ಶಕ್ತಿ ನೈಸಿನ್‌ಗಿಲ್ಲ.

ಕೊಬ್ಬು ಹೆಚ್ಚಿರುವ ಆಹಾರದಲ್ಲಿ ನೈಸಿನ್ ಕೊಬ್ಬಿಗೇ ಅಂಟಿಕೊಂಡು ವ್ಯರ್ಥವಾಗುತ್ತದೆ. ಮಾಂಸದಲ್ಲಿ ಅದು ಅಷ್ಟಾಗಿ ಯಶಸ್ವಿಯಾಗದಿರುವುದಕ್ಕೆ ಇದೂ ಕಾರಣ. ಇಡ್ಲಿ ಹಿಟ್ಟಿಗೆ ಹಾಕಿದರೆ ಹಿಟ್ಟನ್ನು ಉಬ್ಬಿಸುವ ಬ್ಯಾಕ್ಟೀರಿಯಕ್ಕೇ ಏಟು ಬೀಳುತ್ತದೆ, ಯಾಕೆಂದರೆ ಅದೂ ಲ್ಯಾಕ್ಟೊಕಾಕಸ್ಸಿನ ಬಳಗದ್ದೇ. ಇನ್ನು ಬ್ಯಾಕ್ಟೀರಿಯಗಳೂ ಸುಮ್ಮನೆ ಕೂತಿಲ್ಲ. ಕೆಲವು ತಮ್ಮ ಗೋಡೆಯ ವಿದ್ಯುದಂಶವನ್ನು ಬದಲಿಸಿ ನೈಸಿನ್ ಹತ್ತಿರ ಬಾರದಂತೆ ಮಾಡಿಕೊಳ್ಳುತ್ತವೆ, ಕೆಲವು ನೈಸಿನ್ನಿನ ಹಿಂತುದಿಯನ್ನು ಕತ್ತರಿಸುವ ಕಿಣ್ವ ಇಟ್ಟುಕೊಂಡಿವೆ. ಹಾಗಾಗಿ ಆಹಾರ ತಂತ್ರಜ್ಞರು ನೈಸಿನ್ ಒಂದನ್ನೇ ನೆಚ್ಚುವುದಿಲ್ಲ. ಸ್ವಲ್ಪ ಬಿಸಿ, ಸ್ವಲ್ಪ ಹುಳಿ, ಸ್ವಲ್ಪ ಉಪ್ಪು, ತಂಪು, ಜೊತೆಗೆ ನೈಸಿನ್. ಒಂದನ್ನು ದಾಟಿದ ಬ್ಯಾಕ್ಟೀರಿಯ ಇನ್ನೊಂದಕ್ಕೆ ಸಿಕ್ಕಿಬೀಳಲಿ ಎಂಬ ಲೆಕ್ಕ. ಮಜ್ಜಿಗೆ ಮೆಣಸಿನಕಾಯಿ ಮಾಡುವವರು ಉಪ್ಪು, ಹುಳಿ, ಬಿಸಿಲು ಮೂರನ್ನೂ ಕೂಡಿಸುವುದರ ಹಿಂದೆಯೂ ಇದೇ ಲೆಕ್ಕವಿದೆ.

ನಮ್ಮ ಮೊಸರಿನಲ್ಲಿ

ನಮ್ಮ ಗಡಿಗೆಯ ಮೊಸರಿನಲ್ಲಿ ನೈಸಿನ್ ಇದೆಯೇ ಎಂಬ ಪ್ರಶ್ನೆ ಸಹಜ. ಎಲ್ಲ ಮೊಸರಿನಲ್ಲೂ ಇರಬೇಕೆಂದಿಲ್ಲ. ನೈಸಿನ್ ತಯಾರಿಸುವುದು ಲ್ಯಾಕ್ಟೊಕಾಕಸ್ಸಿನ ಕೆಲವು ತಳಿಗಳು ಮಾತ್ರ. ಆದರೆ ಅಂಥ ತಳಿಗಳು ನಮ್ಮ ಮೊಸರಿನಲ್ಲಿ ಸಿಕ್ಕಿವೆ: ಭಾರತದ ಮೊಸರಿನಿಂದ ಬೇರ್ಪಡಿಸಿದ ಒಂದು ಲ್ಯಾಕ್ಟೊಕಾಕಸ್ ‘ನೈಸಿನ್ ಝಡ್’ ತಯಾರಿಸುತ್ತದೆ ಎಂದು ನಮ್ಮ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಮೂಲ ನೈಸಿನ್‌ಗೂ ಇದಕ್ಕೂ ವ್ಯತ್ಯಾಸ 27ನೆಯ ಜಾಗದ ಒಂದೇ ಒಂದು ಅಮೈನೋ ಆಮ್ಲ.

ನೆರೆಗೊಲ್ಲಿಗಳ ಕುಟುಂಬ ನೈಸಿನ್‌ಗೆ ಮುಗಿಯುವುದಿಲ್ಲ. ಐರ್ಲೆಂಡಿನ ಸಂಶೋಧಕರು ಕೆಫಿರ್ ಎಂಬ ಹುಳಿಹಾಲಿನ ಗಂಟಿನಲ್ಲಿ ಲ್ಯಾಕ್ಟಿಸಿನ್ 3147 ಎಂಬುದನ್ನು ಕಂಡುಹಿಡಿದರು. ಅದು ಎರಡು ಪ್ರೋಟೀನುಗಳ ಜೋಡಿ, ಗುರಿ ಅದೇ ಲಿಪಿಡ್ 2. ಪೆಡಿಯೋಸಿನ್ ಇನ್ನೊಂದು. ಅದು ಬುಟ್ಟಿಯನ್ನು ಬಿಟ್ಟು, ಬ್ಯಾಕ್ಟೀರಿಯ ಸಕ್ಕರೆಯನ್ನು ಒಳಗೆಳೆದುಕೊಳ್ಳುವ ಬಾಗಿಲನ್ನು ಹಿಡಿಯುತ್ತದೆ. ತಂಪಿನಲ್ಲೂ ಬೆಳೆಯುವ, ಗರ್ಭಿಣಿಯರಿಗೆ ಬಹಳ ಅಪಾಯಕಾರಿಯಾದ ಲಿಸ್ಟೀರಿಯ ಎಂಬ ಬ್ಯಾಕ್ಟೀರಿಯದ ವಿರುದ್ಧ ಅದು ತುಂಬ ಪರಿಣಾಮಕಾರಿ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಪೆಡಿಯೋಸಿನ್ ತಯಾರಿಸುವ ಬ್ಯಾಕ್ಟೀರಿಯಗಳ ಮೇಲೆ ಸಂಶೋಧನೆ ನಡೆದಿದೆ. ನಮ್ಮ ಮೊಸರು, ಹಿಟ್ಟು, ಗಂಜಿ, ಉಪ್ಪಿನಕಾಯಿಗಳ ಗಡಿಗೆಗಳಲ್ಲಿ ಹುಡುಕುವುದಕ್ಕೆ ಇನ್ನೂ ಬಹಳ ಇದೆ. ಎಲ್ಲ ಮನೆಗಳಲ್ಲೂ ಅಂಗಡಿಯ ಒಂದೇ ಬಗೆಯ ಮೊಸರು ಹೆಪ್ಪಾಗುವ ಮೊದಲೇ ಆ ಹುಡುಕಾಟ ನಡೆಯಬೇಕು ಎಂಬುದು ನನ್ನ ಕಳಕಳಿ. ಮನೆಯಿಂದ ಮನೆಗೆ ಕೇಳಿ ತಂದ ಹೆಪ್ಪಿನಲ್ಲಿ ತಲೆಮಾರುಗಳಿಂದ ಬಂದ ತಳಿಗಳಿವೆ, ಒಮ್ಮೆ ಕೈಬಿಟ್ಟರೆ ಅವು ಮತ್ತೆ ಸಿಗುವುದಿಲ್ಲ.

ಪೊಟ್ಟಣದ ಮೇಲಿನ 234

ಪ್ರೊಸೆಸ್ಡ್ ಚೀಸಿನ ಪೊಟ್ಟಣವನ್ನು ತಿರುಗಿಸಿ ನೋಡಿ. ಕೆಲವದರ ಮೇಲೆ ‘ಐಎನ್‌ಎಸ್ 234’ ಎಂಬ ಸಂಖ್ಯೆ ಇರುತ್ತದೆ. ಅದೇ ನೈಸಿನ್. ನಮ್ಮ ದೇಶದ ಆಹಾರ ಕಲಬೆರಕೆ ತಡೆ ನಿಯಮಗಳು ಸಂರಕ್ಷಕಗಳನ್ನು ಎರಡು ವರ್ಗಗಳಾಗಿ ಹಂಚಿದ್ದವು. ಉಪ್ಪು, ಸಕ್ಕರೆ, ಜೇನು, ವಿನಿಗರ್, ಮಸಾಲೆಗಳು ಮೊದಲನೆಯ ವರ್ಗ. ಬೆಂಜೋಯಿಕ್ ಆಮ್ಲ, ಸಲ್ಫ್ಯೂರಸ್ ಆಮ್ಲದಂಥವು ಎರಡನೆಯ ವರ್ಗ. ನೈಸಿನ್ ಈ ಎರಡನೆಯ ವರ್ಗದಲ್ಲಿತ್ತು. ಎರಡನೆಯ ವರ್ಗದವನ್ನು ಮಿತಿಯಿಟ್ಟು, ಹೆಸರಿಸಿದ ಆಹಾರಗಳಲ್ಲಿ ಮಾತ್ರ ಬಳಸಬೇಕು. ಅದು ಸರಿಯಾದ ಎಚ್ಚರಿಕೆಯೇ. ಹಾಲಿನ ಬ್ಯಾಕ್ಟೀರಿಯದಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಯಾವುದಕ್ಕೂ ರಿಯಾಯಿತಿ ಕೊಡಬಾರದು. ಬಾಟ್ಯುಲಿನಂ ವಿಷವೂ ಬ್ಯಾಕ್ಟೀರಿಯದ್ದೇ, ಅದೂ ನೈಸರ್ಗಿಕವೇ.

ಆದರೆ ಈ ಏರ್ಪಾಡಿನಲ್ಲಿ ಒಂದು ಅಸಂಗತಿ ಇದೆ. ನೈಸಿನ್ ಪುಡಿಯನ್ನು ಹೊರಗಿಂದ ಹಾಕಿದರೆ ಸಂಖ್ಯೆಯನ್ನು ನಮೂದಿಸಬೇಕು. ಅದೇ ನೈಸಿನ್ನನ್ನು ಚೀಸಿನೊಳಗೇ ಹೆಪ್ಪಿನ ಬ್ಯಾಕ್ಟೀರಿಯ ತಯಾರಿಸಿದರೆ, ಪದಾರ್ಥಗಳ ಪಟ್ಟಿಯಲ್ಲಿ ಹೆಪ್ಪಿನ ಹೆಸರಷ್ಟೇ ಇರುತ್ತದೆ. ಈ ಎರಡರ ನಡುವಿನ ಮೂರನೆಯ ದಾರಿಯೂ ಇದೆ: ಹಾಲನ್ನೋ ಸಕ್ಕರೆಯನ್ನೋ ಬ್ಯಾಕ್ಟೀರಿಯದಿಂದ ಹುದುಗಿಸಿ, ಅದನ್ನು ಹಾಗೆಯೇ ಒಣಗಿಸಿ ಪುಡಿ ಮಾಡಿ ಮಾರುತ್ತಾರೆ. ಕೆಡದಂತೆ ಉಳಿಸುವುದಕ್ಕೇ ಹಾಕಿದ ಆ ಪುಡಿ ಪೊಟ್ಟಣದ ಮೇಲೆ ‘ಕಲ್ಚರ್ಡ್ ಡೆಕ್ಸ್‌ಟ್ರೋಸ್’ ಎಂಬಂಥ ಸಾಧು ಹೆಸರಿನಲ್ಲಿ ಬರುತ್ತದೆ. ಸಂಖ್ಯೆ ಕಂಡರೆ ಹೆದರುವ ಕೊಳ್ಳುಗರಿಗಾಗಿ ಕಂಪನಿಗಳು ಕಂಡುಕೊಂಡ ಉಪಾಯವಿದು. ಇದು ಕೊಳ್ಳುಗರಿಗೆ ನ್ಯಾಯವಲ್ಲ. ಆಹಾರ ಉಳಿಸಲೆಂದು ಹಾಕಿದ್ದನ್ನು, ಅದು ಪುಡಿಯಾಗಿ ಬರಲಿ, ಹೆಪ್ಪಿನ ಜೊತೆ ಬರಲಿ, ಸಂರಕ್ಷಕ ಎಂದೇ ಬರೆಯಬೇಕು. ಅದು ಯಾವ ಬ್ಯಾಕ್ಟೀರಿಯದಿಂದ ಬಂತು ಎಂಬುದನ್ನೂ ಅದರ ಪಕ್ಕದಲ್ಲೇ ಕನ್ನಡದಲ್ಲಿ ಒಂದು ಸಾಲು ಬರೆದರೆ, 234 ಎಂಬ ಸಂಖ್ಯೆಗೆ ಹೆದರುವವರ ಅರ್ಧ ಅಂಜಿಕೆ ಅಂಗಡಿಯಲ್ಲೇ ಕಳೆಯುತ್ತದೆ.